ಚಹಾದ ಸೀಮೆಯಿಂದ ಕಾಫಿಯ ಊರಿಗೆ

ಪಟ್ಟಣಕ್ಕೆ ಹೊರಟ ಸಂಸಾರವಂದಿಗನು ರೈಲಿನ ಟಿಕೇಟನ್ನು ಕಾದಿರಿಸುತ್ತಾನೆ. ಇಳಿದುಕೊಳ್ಳಲು ಕೊಠಡಿಯನ್ನು ಗೊತ್ತುಮಾಡುತ್ತಾನೆ. ನೋಡಬೇಕಾದ ಅರಮನೆ, ಉದ್ಯಾನ, ದೇವಾಲಯಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳುತ್ತಾನೆ. ಆದರೆ ದಿನಕ್ಕೆ ಮೂರು ಸಲ ತಪ್ಪದೆ ಎದುರಾಗುವ ಪ್ರಶ್ನೆಯೊಂದನ್ನು ಮಾತ್ರ ಮರೆತೇ ಹೋಗಿರುತ್ತಾನೆ. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಮಕ್ಕಳು ‘ಹಸಿವು’ ಎಂದು ರಾಗವೆಳೆದಾಗಲೇ ಅವನಿಗೆ ಎಚ್ಚರ. ಆಗ ಕಣ್ಣಿಗೆ ಬಿದ್ದ ಮೊದಲ ಬೋರ್ಡಿನೊಳಗೆ ನುಗ್ಗಿ, ತಣ್ಣಗಾದ ವಡೆಯನ್ನು ತಿಂದು, ಬಿಲ್ಲನ್ನು ನೋಡಿ ಬೆವರಿ, ‘ಬೆಂಗಳೂರಿನಲ್ಲಿ ಏನೂ ಚೆನ್ನಾಗಿಲ್ಲ’ ಎಂದು ಊರಿಗೆ ಬಂದು ಹೇಳುವವರ ಸಂಖ್ಯೆ ಸಣ್ಣದಲ್ಲ.

ನಾವು ದೇವದುರ್ಗ ತಾಲೂಕಿನ ಮಸರಕಲ್ಲಿನ ಕಡೆಯವರು. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಾಡು ಚಹಾದ ಸೀಮೆ. ಕನ್ನಡನಾಡಿನಲ್ಲಿಯೇ ದೇಶದ ಕಾಫಿಯ ನೂರರಲ್ಲಿ ಸುಮಾರು 70 ಪಾಲು ಬೆಳೆಯುತ್ತದೆಯಾದರೂ ನಮ್ಮ ಭಾಗದ ಹಳ್ಳಿಗಳಲ್ಲಿ ಅತಿಥಿ ಬಂದರೆ ಒಲೆಯ ಮೇಲೇರುವುದು ಚಹಾದ ಪಾತ್ರೆಯೇ. ಇದಕ್ಕೆ ಇತಿಹಾಸದ ಕಾರಣವೂ ಉಂಟು. 1948ರವರೆಗೆ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ನಮ್ಮ ಹಿರಿಯರಿಗೆ ‘ಪಟ್ಟಣ’ವೆಂದರೆ ಹೈದರಾಬಾದು, ಅಲ್ಲಿಯ ಇರಾನಿ ಹೋಟೆಲಿನ ಗಟ್ಟಿ ಹಾಲಿನ ಚಹಾ, ಅದರ ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ರೈಲಾದರೋ 1871ರಷ್ಟು ಹಿಂದೆಯೇ ರಾಯಚೂರಿಗೆ ಬಂದಿತ್ತು; ಮುಂಬಯಿಯ ಕಡೆಯಿಂದ ಬಂದ ಹಳಿ, ಮದರಾಸಿನ ಕಡೆಯಿಂದ ಬಂದ ಹಳಿ ಎರಡೂ ಕೈಕುಲುಕಿದ್ದು ಇಲ್ಲಿಯೇ. ಮೈಸೂರು ಸೀಮೆಯೊಡನೆ ನಮ್ಮ ಸಂಬಂಧ ಕೂಡಿದ್ದು 1956ರ ನವೆಂಬರ್ 1ರಂದು. ರಾಜ್ಯಗಳು ಒಂದು ದಿನದಲ್ಲಿ ಒಂದಾಗಬಹುದು. ನಾಲಿಗೆಗಳು ಹಾಗೆ ಒಂದಾಗುವುದಿಲ್ಲವಷ್ಟೆ.

ಈ ಸಲ ನಮ್ಮ ಪ್ರಯಾಣದಲ್ಲಿ ದೊಡ್ಡವ್ವ ಇದ್ದರು. ಎಪ್ಪತ್ತು ದಾಟಿದ ಮಡಿವಂತ ಹೆಂಗಸು. ಹುಟ್ಟಿದಾರಭ್ಯ ಹೋಟೆಲಿನ ನೀರನ್ನು ಮುಟ್ಟಿದವರಲ್ಲ. ‘ಯಾರ‍್ಯಾರ ಕೈ ಬಿದ್ದಿರತೈತೋ’ ಎಂಬುದು ಅವರ ಒಂದೇ ವಾದ. ಆದ್ದರಿಂದ ರಾತ್ರಿ ರಾಯಚೂರಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ನಮ್ಮ ಸಾಮಾನುಗಳಲ್ಲೆಲ್ಲ ಹೆಚ್ಚು ತೂಕದ್ದು ಅವರ ಬುತ್ತಿಯ ಗಂಟೇ ಆಗಿತ್ತು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ, ಒಂದು ಡಬ್ಬಿ ಚೂಡಾ. ಒಂದು ವಾರಕ್ಕೆ ಸಾಕೆಂದು ಅವರ ಅಂದಾಜು. ಮೊಮ್ಮಕ್ಕಳ ಹಲ್ಲಿನ ಬಲವನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದವರಿಗೆ ನನ್ನ ಮೊದಲ ಸಲಹೆ: ನಿಲ್ದಾಣದ ಎದುರಿನ ಗಲಾಟೆಯಲ್ಲಿ ತಿಂಡಿಗೆ ಕೂರಬೇಡಿ. ಹತ್ತು ಹದಿನೈದು ನಿಮಿಷ ನಡೆದರೆ ಬಳೇಪೇಟೆ. ಅಲ್ಲಿ 1926ರಿಂದ ನಡೆದುಬಂದಿರುವ ಉಡುಪಿ ಶ್ರೀ ಕೃಷ್ಣ ಭವನವಿದೆ. ಆಲೂಗಡ್ಡೆಯ ಪಲ್ಯಕ್ಕೆ ಬದಲಾಗಿ ಸಾಗು ಹಾಕಿದ ಮಸಾಲೆದೋಸೆ ಅಲ್ಲಿಯ ವೈಶಿಷ್ಟ್ಯ. ಪೇಟೆಯ ವ್ಯಾಪಾರಿಗಳು, ಊರಿನಿಂದ ಬಂದು ಇಳಿದವರು ಎಲ್ಲರೂ ಕೂಡುವ ಜಾಗವಾದ್ದರಿಂದ ಗಂಟುಮೂಟೆಯೊಂದಿಗೆ ಬಂದವನಿಗೆ ಅಲ್ಲಿ ಸಂಕೋಚವಾಗುವುದಿಲ್ಲ.

ಅಲ್ಲಿ ದೊಡ್ಡವ್ವನಿಗೂ ಒಂದು ಕಾಫಿ ಹೇಳಿದೆ. ತಿಂಡಿ ಬೇಡವೆಂದವರು ಕಾಫಿಗೆ ಮಾತ್ರ ಒಪ್ಪಿದರು. ಹಾಲು ಬೆರೆತದ್ದಕ್ಕೆ ಮೈಲಿಗೆಯಿಲ್ಲವೆಂಬುದು ಅವರ ಧರ್ಮಶಾಸ್ತ್ರ. ಆದರೆ ಬಟ್ಟಲಿನೊಳಗೆ ನಿಂತ ಪುಟ್ಟ ಲೋಟವನ್ನು ಕಂಡು ಅವರಿಗೆ ನಿರಾಶೆ.

“ಇಷ್ಟ ಏನೋ ತಮ್ಮಾ? ನಾಲಿಗಿ ತೊಯ್ಯಾಕ ಆತು, ಕುಡಿಯಾಕ ಎಲ್ಲಿ?”

ಅವರ ಮಾತಿನಲ್ಲಿ ನ್ಯಾಯವಿತ್ತು. ನಮ್ಮ ಚಹಾ ಎಲೆ, ಸಕ್ಕರೆ, ಹಾಲು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕುದಿಸಿದ್ದು; ಕಪ್ಪುಬಸಿಯಲ್ಲಿ ಆರಿಸಿಕೊಂಡು ಹೀರುವಂಥದು. ಕಾಫಿಯ ಮಾರ್ಗವೇ ಬೇರೆ. ಎರಡು ಅಂತಸ್ತಿನ ಸೋಸುಪಾತ್ರೆಯ ಮೇಲಿನ ಅಂತಸ್ತಿನಲ್ಲಿ ಪುಡಿಯನ್ನು ಹದವಾಗಿ ಒತ್ತಿ, ಕುದಿನೀರು ಸುರಿದು, ಸಣ್ಣ ರಂಧ್ರಗಳ ಮೂಲಕ ಹನಿಹನಿಯಾಗಿ ಇಳಿಯುವ ಕಷಾಯಕ್ಕೆ ಕಾಯಬೇಕು. ಆ ಗಟ್ಟಿ ಡಿಕಾಕ್ಷನ್ನಿಗೆ ಬಿಸಿಹಾಲು ಬೆರೆಸಿ, ಲೋಟದಿಂದ ಬಟ್ಟಲಿಗೆ ಎತ್ತರದಿಂದ ಹೊಯ್ದು ನೊರೆಬರಿಸಬೇಕು. ಒಮ್ಮೆ ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಿದರೆ ಕೆಟ್ಟಿತು. ಬಹಳ ಹೋಟೆಲುಗಳಲ್ಲಿ ಪುಡಿಯೊಡನೆ ಚಿಕೋರಿ ಬೇರಿನ ಹುಡಿಯನ್ನೂ ಬೆರೆಸುತ್ತಾರೆ. ಅದರಿಂದ ಕಷಾಯ ಗಟ್ಟಿಯಾಗುತ್ತದೆ, ಬಣ್ಣ ಬರುತ್ತದೆ, ಖರ್ಚೂ ತಗ್ಗುತ್ತದೆ. ಅಳತೆ ಮೀರಿದರೆ ಮಾತ್ರ ನಾಲಿಗೆಯ ಮೇಲೆ ಸುಟ್ಟ ಬೆಲ್ಲದ ರುಚಿ ಉಳಿಯುತ್ತದೆ. ಸರಿಯಾಗಿ ಮಾಡಿದ ಗಟ್ಟಿ ಕಾಫಿಯನ್ನು ನಮ್ಮ ಚಹಾದ ಅಳತೆಯಲ್ಲಿ ಕುಡಿದರೆ ರಾತ್ರಿ ನಿದ್ರೆ ಬಾರದು. ಬೆಂಗಳೂರಿಗರು ಆ ಪುಟ್ಟ ಲೋಟವನ್ನೂ ಇಬ್ಬರು ಹಂಚಿಕೊಂಡು ‘ಬೈ ಟೂ’ ಎನ್ನುವುದನ್ನು ಕಂಡು ದೊಡ್ಡವ್ವ ಮೂಗಿನ ಮೇಲೆ ಬೆರಳಿಟ್ಟರು.

ಮರುದಿನ ಮಾವಳ್ಳಿಗೆ ಹೋದೆವು. ಎಂ. ಟಿ. ಆರ್. ಎಂಬ ಮೂರಕ್ಷರದ ಪೂರ್ಣ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್. ಆದರೆ 1924ರಲ್ಲಿ ಉಡುಪಿಯ ಬಳಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಇದನ್ನು ಆರಂಭಿಸಿದಾಗ ಇಟ್ಟ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಈಗಿನ ಕಟ್ಟಡ, ಈಗಿನ ಹೆಸರು ಬಂದದ್ದು 1960ರಲ್ಲಿ.

ಈ ಹೆಸರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಾಫಿ ಹೋಟೆಲುಗಳು ಹೊಸದಾಗಿ ತಲೆಯೆತ್ತಿದ ಕಾಲದಲ್ಲಿ ಹೊರಗಡೆ ತಿನ್ನುವುದೇ ಮೇಲ್ಜಾತಿಯವರಿಗೆ ದೊಡ್ಡ ಅಪರಾಧವಾಗಿತ್ತು. ‘ಬ್ರಾಹ್ಮಣರ’ ಎಂಬ ಹಲಗೆ ಆ ಭಯಕ್ಕೆ ಕೊಟ್ಟ ಅಭಯಹಸ್ತ: ಅಡಿಗೆಯವನು ಬ್ರಾಹ್ಮಣ, ಬನ್ನಿ, ದೋಷವಿಲ್ಲ ಎಂದು. ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದು ಬೇರೆ ಕೊಠಡಿಯೂ ಇರುತ್ತಿತ್ತು. ಅಸ್ಪೃಶ್ಯರೆನಿಸಿಕೊಂಡವರಿಗಂತೂ ಒಳಗೆ ಕಾಲಿಡುವ ಮಾತೇ ಇರಲಿಲ್ಲ. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವು ಹದಿನೈದನೆಯ ವಿಧಿಯಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ಹೇಳಿತು. ದೇಶದ ಮಹಾಶಾಸನದಲ್ಲಿ ಹೋಟೆಲಿನ ಮಾತೇಕೆ ಬಂತೆಂದು ನಗುವವರು ಆ ಕಾಲದ ಹೋಟೆಲನ್ನು ಕಂಡಿಲ್ಲ. 1955ರ ಕಾಯಿದೆ ಹಾಗೆ ತಡೆಯುವುದನ್ನು ಶಿಕ್ಷಾರ್ಹವಾಗಿಸಿತು.

ನಮ್ಮ ಕಡೆಯ ಸಂಗತಿಯನ್ನು ಮುಚ್ಚಿಡುವುದು ತರವಲ್ಲ. ಬಾಲ್ಯದಲ್ಲಿ ನಾನು ಕಂಡ ಹಳ್ಳಿಯೊಂದರ ಚಹಾದ ಅಂಗಡಿಯ ಹೊರಗೋಡೆಯ ಗೂಡಿನಲ್ಲಿ ಎರಡು ಲೋಟಗಳಿರುತ್ತಿದ್ದವು. ಕೆಲವರು ಬಂದರೆ ತಾವೇ ಅವನ್ನು ತೆಗೆದು, ತೊಳೆದು, ನೆಲದ ಮೇಲಿಡುತ್ತಿದ್ದರು. ಅಂಗಡಿಯವನು ಮೇಲಿನಿಂದ ಚಹಾ ಹೊಯ್ಯುತ್ತಿದ್ದನು. ಕುಡಿದು, ತೊಳೆದು, ಗೂಡಿನಲ್ಲಿಟ್ಟು ಅವರು ಹೋಗುತ್ತಿದ್ದರು. ನಾವು ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದೆವು. ನಮ್ಮ ಮನೆಯಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ, ನಾನೂ ಪ್ರಶ್ನಿಸಲಿಲ್ಲ. ಅದೆಲ್ಲ ಹಳೆಯ ಕಥೆಯೆಂದು ಹೇಳಿ ಮುಗಿಸುವಂತಿಲ್ಲ. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದ ಕೊಪ್ಪಳದಲ್ಲಿ, ಗಂಗಾವತಿ ತಾಲೂಕಿನ ಮರಕುಂಬಿ ಎಂಬ ಹಳ್ಳಿಯಲ್ಲಿ, ದಲಿತರಿಗೆ ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶವಿಲ್ಲವೆಂಬ ವಿವಾದ ಬೆಳೆದು 2014ರ ಆಗಸ್ಟ್ 28ರಂದು ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಪ್ರಕರಣ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. ಒಂದು ಲೋಟ ಚಹಾ ಎಷ್ಟು ದೊಡ್ಡ ಸಂಗತಿಯೆಂಬುದನ್ನು ಪ್ರವಾಸದ ಲೇಖನದಲ್ಲಿ ಬರೆಯಬೇಕಾಗಿ ಬಂದುದಕ್ಕೆ ಓದುಗರು ಮನ್ನಿಸಬೇಕು. ಎಲ್ಲಿ ಕುಡಿಯಬೇಕೆಂದು ಹೇಳುವವನು, ಎಲ್ಲಿ ಯಾರಿಗೆ ಕುಡಿಯಗೊಡುವುದಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ.

ಮಾವಳ್ಳಿಗೆ ಹಿಂದಿರುಗೋಣ. ಮಯ್ಯ ಸಹೋದರರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಉಪಾಹಾರಗೃಹಗಳನ್ನು ಕಣ್ಣಾರೆ ನೋಡಿ ಬಂದರು. ಅವರು ಅಲ್ಲಿಂದ ತಂದದ್ದು ಶುಚಿತ್ವದ ಹುಚ್ಚನ್ನು. ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುದ್ಧಿಗೊಳಿಸುವ ಏರ್ಪಾಟು ಬಂತು. ಗಿರಾಕಿಗಳು ಅಡಿಗೆಮನೆಯನ್ನು ನೋಡಿಕೊಂಡು ಬರಬಹುದೆಂಬ ಪದ್ಧತಿಯೂ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಕ್ಕದೆ ಹೋದಾಗ ರವೆಯಿಂದ ಇಡ್ಲಿ ಮಾಡಿ ನೋಡಿದ್ದೂ ಇವರೇ; ಇಂದು ಎಲ್ಲ ಮದುವೆಮನೆಗಳಲ್ಲಿ ತಿನ್ನುವ ರವೆ ಇಡ್ಲಿ ಆ ಬರಗಾಲದ ಕೂಸು. 1975ರ ತುರ್ತುಪರಿಸ್ಥಿತಿಯಲ್ಲಿ ಸರಕಾರ ತಿಂಡಿಗಳ ಬೆಲೆಯನ್ನು ಬಲವಂತವಾಗಿ ಇಳಿಸಿದಾಗ ಇವರು ತುಪ್ಪವನ್ನು ಕಡಿಮೆ ಮಾಡಲಿಲ್ಲ. ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗಿಟ್ಟರು. ಕಡೆಗೆ ಬಾಗಿಲನ್ನೇ ಹಾಕಿದರು. ಕೆಲಸಗಾರರ ಹೊಟ್ಟೆಯ ಪ್ರಶ್ನೆ ಬಂದಾಗ ರವೆ ಇಡ್ಲಿಯ ಸಿದ್ಧ ಹಿಟ್ಟು ಮುಂತಾದವನ್ನು ಮಾಡಿ ಮಾರತೊಡಗಿದರು. ಆ ಪೊಟ್ಟಣಗಳ ವ್ಯಾಪಾರ 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪೆನಿಯ ಪಾಲಾಯಿತು. ಹೋಟೆಲು ಮಾತ್ರ ಮನೆತನದಲ್ಲಿಯೇ ಉಳಿಯಿತು. ಊರಿನ ಅಂಗಡಿಯಲ್ಲಿ ಎಂ. ಟಿ. ಆರ್. ಪೊಟ್ಟಣ ಕೊಂಡು ‘ಅದೇ ರುಚಿ’ ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ತಿಳಿದಿರಲಿ.

ಅಡಿಗೆಮನೆಯನ್ನು ಕಂಡ ದೊಡ್ಡವ್ವ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ “ನಮ್ಮ ಅಡಿಗಿಮನಿಕಿಂತ ಬೇಸ್ ಐತಿ” ಎಂದರು. ಅಕ್ಕಿಯದಲ್ಲ, ರವೆಯದು ಎಂಬ ನೆಪದಲ್ಲಿ ಒಂದು ಇಡ್ಲಿಯನ್ನು ತಿಂದರು. ಎರಡನೆಯದಕ್ಕೆ ನೆಪ ಬೇಕಾಗಲಿಲ್ಲ. ಬೆಳ್ಳಿಯ ಲೋಟದಲ್ಲಿ ಕಾಫಿ ಬಂತು. ಇಲ್ಲಿಗೆ ಹೋಗುವವರು ಸೋಮವಾರವನ್ನು ಬಿಡಬೇಕು; ಆ ದಿನ ರಜೆ. ಭಾನುವಾರವಾದರೆ ಕಾಯುವುದಕ್ಕೆ ಒಂದು ಧಾರಾವಾಹಿಯ ಪ್ರಕರಣದಷ್ಟು ಓದನ್ನು ಜೊತೆಗೊಯ್ಯುವುದು ಮೇಲು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಮೆಟ್ರೋದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ತಲುಪಬಹುದು. 1943ರ ಸುಮಾರಿಗೆ ವೆಂಕಟರಮಣ ಉರಾಳರು ವಿದ್ಯಾರ್ಥಿಗಳಿಗೆಂದು ತೆರೆದದ್ದನ್ನು 1970ರಲ್ಲಿ ರಾಮಕೃಷ್ಣ ಅಡಿಗರು ವಹಿಸಿಕೊಂಡರು. ಇಲ್ಲಿಯ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಜೊತೆಗೆ ನೀರಾದ ಚಟ್ನಿ. ಸಾಂಬಾರು ಕೇಳಿದರೆ ಹೊಸಬರೆಂದು ತಿಳಿಯುತ್ತದೆ. ಪಂಚೆಯುಟ್ಟ ಮಾಣಿಯು ಹತ್ತಾರು ತಟ್ಟೆಗಳನ್ನು ಅಂಗೈಯಿಂದ ಭುಜದವರೆಗೆ ಒಂದರ ಮೇಲೊಂದು ಪೇರಿಸಿಕೊಂಡು ಬರುವ ದೃಶ್ಯವನ್ನು ಮಕ್ಕಳಿಗೆ ತೋರಿಸಬೇಕು. ಸರ್ಕಸ್ಸಿಗೆ ಕರೆದೊಯ್ದ ಖರ್ಚು ಉಳಿಯುತ್ತದೆ. ಗೋಡೆಯ ಮೇಲೆ ಕನ್ನಡದ ಹಿರಿಯ ಸಾಹಿತಿಗಳ ರೇಖಾಚಿತ್ರಗಳಿವೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ದೋಸೆ ಒಂದು ತೂಕ ಹೆಚ್ಚು, ಕಾಫಿ ಒಂದು ತೂಕ ಕಡಿಮೆ. ಬಸವನಗುಡಿಯವರು ಇದನ್ನು ಒಪ್ಪುವುದಿಲ್ಲ.

ಕಾಫಿಗೆಂದೇ ಹೋಗುವುದಾದರೆ ಪಕ್ಕದ ಶಂಕರಪುರದಲ್ಲಿ 1965ರಿಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು. ಮೆನು ಅಷ್ಟಕ್ಕೆ ಮುಗಿಯಿತು. ಚಟ್ನಿಯನ್ನು ಕೇಳಿದಷ್ಟು ಸಲ ಹೊಯ್ಯುತ್ತಾರೆ. ಹಳೆಯ ಕಾಲದ ಹೆಸರು ಹಲಗೆಯ ಮೇಲೆ ಉಳಿದಿದೆ. ಅದರ ಕೆಳಗೆ ರಸ್ತೆಯ ಅಂಚಿನಲ್ಲಿ ನಿಂತು ತಿನ್ನುವವರಲ್ಲಿ ಎಲ್ಲ ಜಾತಿಮತದವರೂ ಇದ್ದಾರೆ. ಮಲ್ಲೇಶ್ವರದ ಕಡೆ ಇಳಿದುಕೊಂಡವರು ಬೆಣ್ಣೆ ಮಸಾಲೆಗೆ ಸಿ. ಟಿ. ಆರ್., ಇಡ್ಲಿಗೆ ವೀಣಾ ಸ್ಟೋರ್ಸ್ ಎಂದು ನೆನಪಿಟ್ಟುಕೊಂಡರೆ ಸಾಕು. ಮಕ್ಕಳು ಓಡಾಡಿಕೊಂಡಿರಬೇಕಾದರೆ ಮರದ ನೆರಳಿನಲ್ಲಿ ಕೂರಿಸುವ ಏರ್‌ಲೈನ್ಸ್ ಹೋಟೆಲು ಲೇಸು.

ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿನ ಕಥೆ ಬೇರೆಯೇ. ಕಾಫಿಯ ಪ್ರಚಾರಕ್ಕೆಂದು ಸರಕಾರದ ಕಾಫಿ ಬೋರ್ಡು ಊರೂರಲ್ಲಿ ಕಾಫಿ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದಲ್ಲಿ ಬೋರ್ಡು ಅವನ್ನು ಮುಚ್ಚಹೊರಟಿತು; ಮಾಣಿಗಳೂ ಅಡಿಗೆಯವರೂ ಬೀದಿಗೆ ಬಿದ್ದರು. ಕೇರಳದ ಕಮ್ಯುನಿಸ್ಟ್ ಧುರೀಣ ಎ. ಕೆ. ಗೋಪಾಲನ್ನರ ಪ್ರೇರಣೆಯಿಂದ ಆ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ. ಇಲ್ಲಿ ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ ಕಟ್ಟಿ ಕಾಫಿ ತಂದಿಡುವವನು ಈ ಸಂಪ್ರದಾಯದ ವಾರಸುದಾರ. ದಶಕಗಳ ಕಾಲ ಮಹಾತ್ಮಾ ಗಾಂಧಿ ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಜಾಗ ಬಿಡಬೇಕಾಗಿ ಬಂದು ಚರ್ಚ್ ಸ್ಟ್ರೀಟಿಗೆ ಬಂತು. ಮೊಟ್ಟೆ, ಕಟ್ಲೆಟ್ಟು ತಿನ್ನುವವರಿಗೆ ಅನುಕೂಲ. ಇಲ್ಲಿಯ ಕಾಫಿ ಶಂಕರಪುರದಷ್ಟು ಗಟ್ಟಿಯಲ್ಲ. ಆದರೆ ಒಂದು ಕಪ್ಪಿಗೆ ಒಂದು ಗಂಟೆ ಕುಳಿತರೂ ‘ಏಳಿ’ ಎನ್ನುವವರಿಲ್ಲ.

ಮೂರನೆಯ ದಿನ ಬುತ್ತಿಯ ಗಂಟು ಖಾಲಿಯಾಯಿತು. ರೊಟ್ಟಿಯನ್ನೆಲ್ಲ ಹುಡುಗರು ರಾತ್ರಿ ಕಟಕಟನೆ ಕಡಿದು ಮುಗಿಸಿದ್ದರು. ಬೆಳಗ್ಗೆ ದೊಡ್ಡವ್ವನನ್ನು ಕರೆದುಕೊಂಡು ಬಸವನಗುಡಿಯ ಬಳಿಯ ಒಂದು ದರ್ಶಿನಿಗೆ ಹೋದೆ. ದರ್ಶಿನಿಯೆಂದರೆ ಮೇಜು ಕುರ್ಚಿಗಳಿಲ್ಲದ, ಮಾಣಿಗಳಿಲ್ಲದ ಹೋಟೆಲು: ಹಣ ಕೊಟ್ಟು ಚೀಟಿ ಪಡೆಯಬೇಕು, ಚೀಟಿ ಕೊಟ್ಟು ತಟ್ಟೆ ಪಡೆಯಬೇಕು, ಎದೆಯೆತ್ತರದ ಕಟ್ಟೆಯ ಬಳಿ ನಿಂತು ತಿನ್ನಬೇಕು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಎಂಬವರು ‘ಕೆಫೆ ದರ್ಶಿನಿ’ಯೆಂದು ಆರಂಭಿಸಿದ ಈ ಕ್ರಮ ಊರೆಲ್ಲ ಹಬ್ಬಿತು. ಜಾಗ ಕಡಿಮೆ, ಆಳುಗಳು ಕಡಿಮೆ, ಆದ್ದರಿಂದ ಬೆಲೆಯೂ ಕಡಿಮೆ. ಅಡಿಗೆ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ನಿಂತು ತಿನ್ನುವುದು ಅನಾಗರಿಕವೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಮೊಣಕಾಲು ನೋವಿನವರಿಗೆ ಕಷ್ಟವೂ ಹೌದು. ಆದರೂ ಮಧ್ಯಮವರ್ಗದ ಪ್ರವಾಸಿಯ ಜೇಬಿಗೆ ಇದಕ್ಕಿಂತ ಹಿತವಾದ ಏರ್ಪಾಟನ್ನು ನಾನು ಕಂಡಿಲ್ಲ.

ದೊಡ್ಡವ್ವನನ್ನು ಒಂದು ಕಟ್ಟೆಯ ಬಳಿ ನಿಲ್ಲಿಸಿ ಚೀಟಿಗೆ ಸಾಲಿನಲ್ಲಿ ನಿಂತೆ. ತಟ್ಟೆಗಳೊಂದಿಗೆ ಹಿಂದಿರುಗಿದಾಗ ಅದೇ ಕಟ್ಟೆಯ ಇನ್ನೊಂದು ಮಗ್ಗುಲಿಗೆ, ಬೀದಿ ಗುಡಿಸುವ ಕೆಲಸದ ಸಮವಸ್ತ್ರದಲ್ಲಿಯೇ, ಮಧ್ಯವಯಸ್ಸಿನ ಹೆಣ್ಣುಮಗಳೊಬ್ಬಳು ನಿಂತು ಇಡ್ಲಿ ತಿನ್ನುತ್ತಿದ್ದಳು. ಮುದುಕಿಗೆ ಜಾಗ ಸಾಲದೆಂದು ತನ್ನ ತಟ್ಟೆಯನ್ನು ಅತ್ತ ಸರಿಸಿ, “ಇಡೀ ಅಜ್ಜಿ, ಬಿಸಿ ಐತೆ, ಹುಷಾರು” ಎಂದಳು. ದೊಡ್ಡವ್ವ ನನ್ನ ಮುಖವನ್ನು ನೋಡಿದರು. ನಾನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟೆ. ಒಂದು ಕ್ಷಣ ಅವರು ಸೆರಗನ್ನು ಸರಿಪಡಿಸಿಕೊಂಡರು, ಚಮಚವನ್ನು ತೆಗೆದಿಟ್ಟರು, ಕೈಯಿಂದಲೇ ಇಡ್ಲಿಯನ್ನು ಮುರಿದರು. ಅಷ್ಟು ಹೊತ್ತಿಗೆ ಇಬ್ಬರಲ್ಲಿ ಮಕ್ಕಳೆಷ್ಟು, ಮಳೆ ಹೇಗೆ ಎಂಬ ಮಾತು ಆರಂಭವಾಗಿತ್ತು. ಕೊಠಡಿಗೆ ಹಿಂದಿರುಗುವಾಗ ದಾರಿಯಲ್ಲಿ ದೊಡ್ಡವ್ವ ಹೇಳಿದ್ದು ಒಂದೇ ಮಾತು: “ಇಲ್ಲಿ ನೀವು ಯಾರು ಅಂತ ಯಾರೂ ಕೇಳಾದ ಇಲ್ಲಲ್ಲೋ ತಮ್ಮಾ.” ಅದು ಮೆಚ್ಚಿಕೆಯೋ ದೂರೋ ಎಂದು ನಾನು ಕೇಳಲಿಲ್ಲ.

ಜೋಳದ ರೊಟ್ಟಿಯ ಚಪಲ ತೀರಿಸಿಕೊಳ್ಳಬೇಕೆಂದರೆ ಊರಿಗೆ ಮರಳುವವರೆಗೆ ಕಾಯಬೇಕಾಗಿಲ್ಲ. ಉತ್ತರ ಕರ್ನಾಟಕದ ಊಟದ ಖಾನಾವಳಿಗಳು ಬೆಂಗಳೂರಿನ ಬಹಳ ಬಡಾವಣೆಗಳಲ್ಲಿವೆ. ಎಣ್ಣೆಗಾಯಿ, ಕಾಳಿನ ಪಲ್ಯ, ಹಿಂಡಿ ಎಲ್ಲ ಸಿಕ್ಕುತ್ತದೆ. ಆದರೆ ಒಂದು ಎಚ್ಚರಿಕೆ. ರೊಟ್ಟಿಯನ್ನು ಒಲೆಯಿಂದ ನೇರವಾಗಿ ತಂದಿಡುವ ಕಡೆಗೆ ಹೋಗಿ. ಬಡಿಯುವ ಸದ್ದು ಹೊರಗೆ ಕೇಳಿಸದಿದ್ದರೆ ಮುಂದಿನ ಬಾಗಿಲಿಗೆ ನಡೆಯಿರಿ. ನಮ್ಮ ಒಗ್ಗರಣಿ ಮಿರ್ಚಿಯನ್ನು ಮಾತ್ರ ಬೆಂಗಳೂರಿನಲ್ಲಿ ಹುಡುಕಲು ಹೋಗಬೇಡಿ. ಹೆಸರು ಅದೇ ಇರುತ್ತದೆ, ಮೆಣಸಿನಕಾಯಿಗೆ ಧೈರ್ಯವಿರುವುದಿಲ್ಲ.

ವಾರ ಕಳೆದು ರಾಯಚೂರಿನಲ್ಲಿ ಇಳಿದು ಬಸ್ಸು ಹತ್ತಿದೆವು. ದಾರಿಯಲ್ಲಿ ಬಸ್ಸು ನಿಂತ ಕಡೆ ಒಂದು ಚಹಾದ ಅಂಗಡಿ. ಹಿಂದೆಲ್ಲ ಬಸ್ಸಿನಿಂದ ಇಳಿಯುತ್ತಲೇ ಇರದಿದ್ದ ದೊಡ್ಡವ್ವ ತಾವೇ ಇಳಿದು ಬೆಂಚಿನ ಮೇಲೆ ಕುಳಿತರು. ಅಂಗಡಿಯವನು ಎಲ್ಲರಿಗೂ ಕಾಗದದ ಲೋಟಗಳಲ್ಲಿ ಚಹಾ ಕೊಡುತ್ತಿದ್ದನು. ಈ ಕಾಗದದ ಲೋಟ ಬಂದಮೇಲೆ ಗೂಡಿನ ಲೋಟಗಳು ಎಷ್ಟೋ ಕಡೆ ಕಾಣೆಯಾಗಿವೆ. ಯಾರು ಯಾವ ಲೋಟವನ್ನು ತೊಳೆಯಬೇಕೆಂಬ ಪ್ರಶ್ನೆಯೇ ಏಳದಂತೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತವೆ. ಪ್ರಶ್ನೆ ತೀರಿತೋ, ತೊಳೆಯುವ ಕೆಲಸ ಮಾತ್ರ ತೀರಿತೋ ಎಂದು ನಾನು ಯೋಚಿಸುತ್ತಿದ್ದೆ. ಬೆಂಚಿನ ಮೇಲೆ ಇನ್ನೂ ನಾಲ್ವರಿಗೆ ಜಾಗವಿತ್ತು. ಒಬ್ಬ ಮುದುಕ ಮಾತ್ರ ತನ್ನ ಲೋಟವನ್ನು ಹಿಡಿದು ಬೇವಿನ ಮರದ ಬುಡದಲ್ಲಿ ನಿಂತಿದ್ದನು. ದೊಡ್ಡವ್ವ ತಮ್ಮ ಕೈಚೀಲವನ್ನು ಬೆಂಚಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಅಲ್ಯಾಕ ನಿಂತಿದಿಯಪ್ಪ, ಇಲ್ಲಿ ಬಂದು ಕುಂದರು” ಎಂದರು. ಅವನು ಅಂಗಡಿಯವನ ಕಡೆಗೊಮ್ಮೆ ನೋಡಿದನು. ಕಂಡಕ್ಟರನು ಸೀಟಿ ಊದಿದನು.

ಬಸ್ಸಿನೊಳಗೆ ಬಂದು ಕುಳಿತ ಮೇಲೆ ದೊಡ್ಡವ್ವ ಲೋಟದಲ್ಲಿ ಉಳಿದ ಚಹಾವನ್ನು ಮುಗಿಸಿ ಮುಖ ಕಿವಿಚಿದರು.

“ಸಕ್ಕರಿ ಬಾಳ ಹಾಕ್ಯಾನ,” ಎಂದರು.